‘ನೀನು’ ಎಂಬ ಮರೆ: ಹೆನ್ರಿ ನೌವೆನ್ ಅವರ ಗುಪ್ತ ದಿನಚರಿಯ ಒಂದು ಓದು

ಹೆನ್ರಿ ನೌವೆನ್ ಅವರ ಪುಸ್ತಕಗಳು ನಮ್ಮ ಗುರುಮಠಗಳ ಗ್ರಂಥಾಲಯಗಳಲ್ಲಿ ಕಪಾಟಿನಲ್ಲೇ ಉಳಿಯುವುದು ಕಡಿಮೆ. 1972ರ ‘ದಿ ವೂಂಡೆಡ್ ಹೀಲರ್’ ನವಯಾಜಕರ ಪ್ರಬೋಧನೆಗಳಿಗೆ ಇಂದಿಗೂ ರೂಪಕವನ್ನು ಒದಗಿಸುತ್ತಿದೆ. ರೆಂಬ್ರಾಂಟನ ಚಿತ್ರವನ್ನು ಕುರಿತು 1992ರಲ್ಲಿ ಬಂದ ‘ದಿ ರಿಟರ್ನ್ ಆಫ್ ದ ಪ್ರಾಡಿಗಲ್ ಸನ್’ ಇಲ್ಲದೆ ತಪಸ್ಸುಕಾಲದ ಧ್ಯಾನಕೂಟವೇ ನಡೆಯದೇನೋ ಎನ್ನುವಷ್ಟು ಅದು ಬಳಕೆಯಲ್ಲಿದೆ. ಇವೆರಡರಷ್ಟು ಬಹಿರಂಗವಾಗಿ ಚರ್ಚೆಗೆ ಬಾರದ ಮೂರನೆಯ ಪುಸ್ತಕವೊಂದಿದೆ: 1996ರಲ್ಲಿ ಪ್ರಕಟವಾದ ‘ದಿ ಇನ್ನರ್ ವಾಯ್ಸ್ ಆಫ್ ಲವ್’. ಇದು ವೇದಿಕೆಯ ಮೇಲೆ ಉಲ್ಲೇಖಗೊಳ್ಳುವುದು ಅಪರೂಪ. ಸಂಕಟದಲ್ಲಿರುವ ಒಬ್ಬ ಗುರುವಿನ ಕೈಗೆ ಇನ್ನೊಬ್ಬ ಗುರು ಇದನ್ನು ಸದ್ದಿಲ್ಲದೆ ಇತ್ತು ಹೋಗುತ್ತಾನೆ. ಹಾಗೆ ಕೈಯಿಂದ ಕೈಗೆ ದಾಟಿ ಅನೇಕರನ್ನು ಎತ್ತಿಹಿಡಿದ ಪುಸ್ತಕವನ್ನು ವಿಮರ್ಶೆಗೆ ಒಡ್ಡುವುದು ಕೃತಘ್ನತೆಯಂತೆ ತೋರಬಹುದು. ಆದರೆ ಭಯವನ್ನು ಮಾತಾಗಿಸುವ ಬಗೆಯನ್ನು ನಮ್ಮ ಗುರುವಿದ್ಯಾರ್ಥಿಗಳು ಈ ಪುಸ್ತಕದಿಂದಲೇ ಕಲಿಯುತ್ತಿರುವಾಗ, ಅದು ಕಲಿಸುವ ವ್ಯಾಕರಣವನ್ನು ಪರಿಶೀಲಿಸದೆ ಬಿಡುವಂತಿಲ್ಲ. ವ್ಯಾಕರಣ ಎಂಬ ಮಾತನ್ನು ಇಲ್ಲಿ ನಾವು ಅಲಂಕಾರಕ್ಕಾಗಿ ಬಳಸುತ್ತಿಲ್ಲ. ಸರ್ವನಾಮಗಳ ವಿಷಯವನ್ನೇ ಹೇಳುತ್ತಿದ್ದೇವೆ.

ಪುಸ್ತಕದ ಹಿನ್ನೆಲೆ ಸಂಕ್ಷಿಪ್ತವಾಗಿ ಹೀಗಿದೆ. ನೌವೆನ್ ಅವರು 1932ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಜನಿಸಿ, 1957ರಲ್ಲಿ ಯಾಜಕದೀಕ್ಷೆ ಪಡೆದು, ಮನಶ್ಶಾಸ್ತ್ರವನ್ನು ಅಭ್ಯಸಿಸಿ, ಯೇಲ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳಲ್ಲಿ ಬೋಧಿಸಿದವರು. 1986ರಲ್ಲಿ ಅವರು ಆ ಕೀರ್ತಿಯನ್ನೆಲ್ಲ ಹಿಂದಿಟ್ಟು, ಟೊರಾಂಟೊ ಬಳಿಯ ‘ಡೇಬ್ರೇಕ್’ ಎಂಬ ಲಾರ್ಶ್ ಸಮುದಾಯದಲ್ಲಿ ಬುದ್ಧಿಮಾಂದ್ಯರೊಂದಿಗೆ ಬಾಳಲು ಹೋದರು. ಅಲ್ಲಿ ಒಬ್ಬ ಸ್ನೇಹಿತರ ಮೇಲೆ ಅವರಿಗೆ ಗಾಢವಾದ ಅವಲಂಬನೆ ಬೆಳೆಯಿತು. ಆ ಸ್ನೇಹ ಮುರಿದಾಗ ಅವರೂ ಮುರಿದರು. 1987ರ ಡಿಸೆಂಬರಿನಿಂದ 1988ರ ಜೂನ್‌ವರೆಗಿನ ಆರು ತಿಂಗಳುಗಳನ್ನು ಸಮುದಾಯದಿಂದ ದೂರ, ಇಬ್ಬರು ಮಾರ್ಗದರ್ಶಕರ ನೆರವಿನಲ್ಲಿ ಕಳೆದರು. ನಿದ್ರೆ ಹೋಯಿತು, ಅಳು ಹಿಡಿತಕ್ಕೆ ಸಿಗದಾಯಿತು, ಪ್ರಾರ್ಥನೆ ಶುಷ್ಕವಾಯಿತು. ಉಳಿದದ್ದು ಬರವಣಿಗೆ ಒಂದೇ. ಮಾರ್ಗದರ್ಶಕರೊಡನೆ ನಡೆದ ಪ್ರತಿ ಭೇಟಿಯ ನಂತರ ತಮಗೆ ತಾವೇ ಬರೆದುಕೊಂಡ ಚಿಕ್ಕ ಚಿಕ್ಕ ಬರಹಗಳೇ ಈ ಪುಸ್ತಕ. ಎಂಟು ವರ್ಷ ಅದನ್ನು ಗುಪ್ತವಾಗಿಟ್ಟಿದ್ದ ಅವರು ಸ್ನೇಹಿತರ ಒತ್ತಾಯದಿಂದ ಪ್ರಕಟಣೆಗೆ ಒಪ್ಪಿದರು, ಮತ್ತು ಅದೇ 1996ರ ಸೆಪ್ಟೆಂಬರ್‌ನಲ್ಲಿ ನಿಧನರಾದರು.

ಈ ಬರಹಗಳೆಲ್ಲವೂ ಆಜ್ಞಾರ್ಥದಲ್ಲಿವೆ. ಇದನ್ನು ಮಾಡು, ಅದನ್ನು ಬಿಡು, ಇಲ್ಲಿಗೆ ಮರಳು, ಅದನ್ನು ನಂಬು ಎಂಬ ಧಾಟಿ. ಲೇಖಕರೇ ಇವುಗಳನ್ನು ಆಧ್ಯಾತ್ಮಿಕ ಆಜ್ಞೆಗಳೆಂದು ಕರೆದಿದ್ದಾರೆ; ಒಂದೇ ಸಲಕ್ಕೆ ಹೆಚ್ಚು ಓದಬೇಡಿರೆಂದು ಓದುಗರನ್ನು ಎಚ್ಚರಿಸಿಯೂ ಇದ್ದಾರೆ. ‘ನಾನು’ ಎಂಬುದು ಮುನ್ನುಡಿಯಲ್ಲೂ ಕೊನೆಯ ಮಾತಿನಲ್ಲೂ ಬರುತ್ತದೆ. ನಡುವೆ ಇರುವುದೆಲ್ಲ ಇಂಗ್ಲಿಷಿನ ‘ಯೂ’. ಇಂಗ್ಲಿಷ್ ಓದುಗರಿಗೆ ಇದರಲ್ಲಿ ತೊಡಕೇನೂ ಕಾಣದು, ಏಕೆಂದರೆ ಆ ಭಾಷೆಯಲ್ಲಿ ತನ್ನನ್ನು ತಾನೇ ಕರೆದುಕೊಳ್ಳುವಾಗಲೂ, ಸಾವಿರ ಜನರಿಗೆ ಉಪದೇಶಿಸುವಾಗಲೂ, ದೇವರಿಗೆ ಮೊರೆಯಿಡುವಾಗಲೂ ಅದೇ ಸರ್ವನಾಮ ಸಾಕು. ಕನ್ನಡಕ್ಕೆ ತರಲು ಕುಳಿತವರಿಗೆ ಮಾತ್ರ ಮೊದಲ ವಾಕ್ಯದಲ್ಲೇ ಲೇಖನಿ ನಿಲ್ಲುತ್ತದೆ. ತನ್ನ ಮನಸ್ಸಿಗೆ ಹೇಳಿಕೊಳ್ಳುವುದಾದರೆ ‘ನೀನು’ ಆಗಬೇಕು. ಓದುಗರಿಗೆ ಹೇಳುವುದಾದರೆ ‘ನೀವು’ ಆಗಬೇಕು. ‘ನೀನು’ ಎಂದರೆ ಪುಸ್ತಕ ಒಂಟಿ ಕೋಣೆಯ ಗೊಣಗಾಟ. ‘ನೀವು’ ಎಂದರೆ ಅದೇ ಪುಟ ಪ್ರಬೋಧನೆ. ಮೂಲ ಎರಡೂ ಆಗಿರುವುದರಿಂದಲೇ ಅದು ಯಶಸ್ವಿಯಾಯಿತು. ಎರಡೂ ಆಗಿರುವುದರಿಂದಲೇ ಅದರಲ್ಲಿ ಒಂದು ಮರೆಯೂ ಉಳಿಯಿತು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಅದರ ಸತ್ವವನ್ನು ಹೇಳಬೇಕು. ಪ್ರಾರಂಭದ ಬರಹದಲ್ಲಿ ನೌವೆನ್ ತಮ್ಮೊಳಗಿನ ಒಂದು ಪ್ರಪಾತದ ಬಗ್ಗೆ ಹೇಳುತ್ತಾರೆ. ಅದನ್ನು ತುಂಬಲಾಗದು, ಏಕೆಂದರೆ ಅದಕ್ಕೆ ತಳವಿಲ್ಲ. ಅದರಿಂದ ಓಡಲೂಬಾರದು, ಅದರಲ್ಲೇ ಮುಳುಗಲೂಬಾರದು. ಅದು ನಿಧಾನವಾಗಿ ಮುಚ್ಚಿಕೊಳ್ಳುವಂತೆ ಅದರ ಸುತ್ತ ಕೆಲಸ ಮಾಡಬೇಕು. ಇಪ್ಪತ್ತು ವರ್ಷ ಮನಶ್ಶಾಸ್ತ್ರವನ್ನೂ ಆಧ್ಯಾತ್ಮವನ್ನೂ ಬೋಧಿಸಿದವರು, ಭಯಕ್ಕೆ ಪರಿಹಾರವಿದೆ ಎನ್ನದೆ ಅದರ ಸುತ್ತ ಬದುಕುವ ದಾರಿಯಿದೆ ಎಂದದ್ದು ದೊಡ್ಡ ಪ್ರಾಮಾಣಿಕತೆ. ಗಾಯವನ್ನು ಕುರಿತು ಯೋಚಿಸುತ್ತ ಕೂರುವುದಕ್ಕೂ ಗಾಯವನ್ನು ಬಾಳುವುದಕ್ಕೂ ಅವರು ಗೆರೆ ಎಳೆಯುವ ಬರಹವೂ ಹಾಗೆಯೇ. ತಲೆಯಲ್ಲಿ ಎಲ್ಲವನ್ನೂ ವಿಶ್ಲೇಷಿಸಿ ಮುಗಿಸಿದ್ದೇನೆಂದು ನಂಬುವ ದೈವಶಾಸ್ತ್ರದ ವಿದ್ಯಾರ್ಥಿಗಳು ಆ ಒಂದು ಪುಟಕ್ಕಾಗಿಯಾದರೂ ಈ ಪುಸ್ತಕವನ್ನು ಓದಬೇಕು. ಭಾವನೆಗಳೊಡನೆ ಸ್ನೇಹ ಬೆಳೆಸುವ ಬಗೆ, ದೇಹವನ್ನು ಮನೆಗೆ ಕರೆತರುವ ಬಗೆ ಇವೆಲ್ಲ ನಮ್ಮ ಪರಂಪರೆಯ ತಪಸ್ಸಿನ ಪಾಠಗಳಲ್ಲಿ ಹೆಚ್ಚು ಗಮನ ಪಡೆದ ವಿಷಯಗಳಲ್ಲ.

ಇನ್ನು ಮರೆಯ ವಿಷಯ. ಪುಸ್ತಕ ಪೂರ್ತಿ ಓದಿದ ಮೇಲೂ ಭಯಪಟ್ಟವನ ದನಿ ನಮಗೆ ಕೇಳಿಸುವುದಿಲ್ಲ. ಕೇಳಿಸುವುದು ಭಯಪಟ್ಟವನಿಗೆ ಬುದ್ಧಿ ಹೇಳುತ್ತಿರುವವನ ದನಿ. ಅತ್ತವನು ಒಬ್ಬ, ಬರೆದವನು ಇನ್ನೊಬ್ಬ. ಅಳುವವನು ವಾಕ್ಯದ ಕರ್ತೃವಾಗುವುದೇ ಇಲ್ಲ. ಪ್ರತಿ ಪುಟದಲ್ಲೂ ಅವನು ಸಂಬೋಧನೆಗೆ ಒಳಗಾದವನು. ದೇವರಾದರೋ ಬಹುಮಟ್ಟಿಗೆ ಪ್ರಥಮ ಪುರುಷದಲ್ಲಿಯೇ ಉಳಿದಿದ್ದಾರೆ: ಅವರು ಪ್ರೀತಿಸುತ್ತಾರೆ, ಅವರು ಕರೆಯುತ್ತಾರೆ. ಕುಸಿದು ಬಿದ್ದ ಯಾಜಕರೊಬ್ಬರು ಆರು ತಿಂಗಳು ತಮಗೆ ತಾವೇ ಪ್ರಬೋಧನೆ ಮಾಡಿಕೊಂಡರು. ನಮ್ಮ ವೃತ್ತಿಯಲ್ಲಿರುವವರಿಗೆ ಇದು ಎಷ್ಟು ಸಹಜವೆಂದರೆ ಇದರಲ್ಲಿ ವಿಚಿತ್ರವೇನಿದೆ ಎಂದೇ ನಮಗೆ ಅನಿಸದು.

ನೌವೆನ್ ಅವರ ಭಯಕ್ಕೆ ಒಂದು ಹೆಸರಿತ್ತೆಂಬುದು ಅವರ ಮರಣಾನಂತರ ತಿಳಿಯಿತು. ಅವರ ಸಲಿಂಗ ಒಲವನ್ನೂ, ಅದು ತಿಳಿದರೆ ಏನಾದೀತೆಂಬ ಅಳುಕನ್ನೂ, ಜೊತೆಗೆ ಬ್ರಹ್ಮಚರ್ಯದ ಪ್ರತಿಜ್ಞೆಗೆ ಅವರು ತೋರಿದ ನಿಷ್ಠೆಯನ್ನೂ ಮೈಕೆಲ್ ಫೋರ್ಡ್ ತಮ್ಮ 1999ರ ಜೀವನಚರಿತ್ರೆಯಲ್ಲಿ ಬರೆದರು. ಇದನ್ನು ಪುಸ್ತಕದಲ್ಲಿ ಬಯಲು ಮಾಡಬೇಕಿತ್ತೆಂದು ನಾವು ಹೇಳುತ್ತಿಲ್ಲ. ಯಾರ ಅಂತಃಕರಣವೂ ಸಂತೆಯ ಸರಕಲ್ಲ. ಓದುಗರಿಗೆ ಹೇಳದಿರುವುದು ಲೇಖಕರ ಹಕ್ಕು. ನಮ್ಮ ಪ್ರಶ್ನೆ ಬೇರೆ: ಹೆಸರಿಸದೆಯೇ ‘ನಾನು ಹೆದರಿದ್ದೇನೆ’ ಎಂದು ದೇವರ ಮುಂದೆ ನೇರವಾಗಿ ನುಡಿಯುವ ಒಂದು ವಾಕ್ಯಕ್ಕೆ ಈ ಪುಸ್ತಕದ ರಚನೆಯಲ್ಲಿ ಸ್ಥಳವೇ ಇಲ್ಲವಲ್ಲ, ಏಕೆ?

ಇದಕ್ಕೆ ಒಂದು ಪ್ರಬಲ ಆಕ್ಷೇಪವಿದೆ. ತನ್ನನ್ನು ತಾನೇ ಸಂಬೋಧಿಸಿಕೊಳ್ಳುವುದು ಪವಿತ್ರಗ್ರಂಥಕ್ಕೆ ಅಪರಿಚಿತವೇನಲ್ಲ. 42 ಮತ್ತು 43ನೇ ಕೀರ್ತನೆಗಳನ್ನು ಒಂದೇ ಕೃತಿಯಾಗಿ ಓದುವುದು ವಾಡಿಕೆ; ಅದರಲ್ಲಿ ಕೀರ್ತನೆಗಾರನು ತನ್ನ ಪ್ರಾಣವನ್ನೇ ಕರೆದು, ಏಕೆ ಕುಗ್ಗಿಹೋಗಿರುವೆ ಎಂದು ಪ್ರಶ್ನಿಸಿ, ದೇವರಲ್ಲಿ ಭರವಸೆಯಿಡಲು ಹೇಳುತ್ತಾನೆ. ಇದು ನೌವೆನ್ ಅವರ ಧಾಟಿಯೇ ಅಲ್ಲವೇ? ಧಾಟಿ ಅದೇ, ಆದರೆ ಸಂದರ್ಭ ಬೇರೆ. ಈ ಪಲ್ಲವಿ ಮೂರು ಸಲ ಬರುತ್ತದೆ. ಮೊದಲ ಸಲ ಹೇಳಿಕೊಂಡ ಮರುಗಳಿಗೆಯೇ ಕೀರ್ತನೆಗಾರನು ದೇವರ ಕಡೆಗೆ ತಿರುಗಿ, ತನ್ನ ಪ್ರಾಣ ಇನ್ನೂ ಕುಗ್ಗಿಯೇ ಇದೆಯೆಂದು ಒಪ್ಪಿಕೊಳ್ಳುತ್ತಾನೆ. ಬುದ್ಧಿಮಾತು ನಾಟಲಿಲ್ಲ ಎಂದರ್ಥ. ಮತ್ತೆ ಅಲೆಗಳು, ಮತ್ತೆ ಶತ್ರುಗಳ ಮೂದಲಿಕೆ, ತನ್ನನ್ನು ಏಕೆ ಮರೆತೆಯೆಂದು ದೇವರಿಗೇ ಎಸೆದ ಪ್ರಶ್ನೆ, ಮತ್ತೆ ಪಲ್ಲವಿ. ಇಲ್ಲಿ ಸ್ವಸಂಬೋಧನೆ ಪ್ರಾರ್ಥನೆಯ ನಡುವಿನ ಒಂದು ಉಸಿರು ಮಾತ್ರ. ಅದರ ಎರಡು ಬದಿಗಳಲ್ಲೂ ‘ನಾನು’ ‘ನಿನ್ನ’ನ್ನು ಕರೆಯುತ್ತಿರುತ್ತಾನೆ. ನೌವೆನ್ ಪಲ್ಲವಿಯನ್ನು ಉಳಿಸಿಕೊಂಡು ಚರಣಗಳನ್ನು ಬಿಟ್ಟರು. ಚರಣಗಳು ಅವರ ಬಾಳಿನಲ್ಲಿ ಇದ್ದೇ ಇದ್ದವು, ಅವು ಬರಹಕ್ಕೆ ಇಳಿಯಲಿಲ್ಲ.

ಈ ಪಲ್ಲವಿಗೆ ಹೊಸ ಒಡಂಬಡಿಕೆಯಲ್ಲಿ ಒಂದು ಮುಂದುವರಿಕೆಯಿದೆ, ಮತ್ತು ಅದೇ ನಮ್ಮ ವಾದದ ತಿರುಳು. ಮಾರ್ಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಗೆತ್ಸೆಮನೆಯಲ್ಲಿ ತಮ್ಮ ಪ್ರಾಣದ ದುಃಖವನ್ನು ಹೇಳಿಕೊಳ್ಳುವಾಗ ಬಳಕೆಯಾಗಿರುವ ‘ಪೆರಿಲುಪೋಸ್’ ಎಂಬ ಪದ, ಸೆಪ್ಟುವಜಿಂಟ್ ಎಂಬ ಗ್ರೀಕ್ ಭಾಷಾಂತರದಲ್ಲಿ ಈ ಕೀರ್ತನೆಯ ಪಲ್ಲವಿಯಲ್ಲಿ ಇರುವ ಪದವೇ. ಆದರೆ ಕೀರ್ತನೆಗಾರನು ತನ್ನ ಪ್ರಾಣವನ್ನು ಏಕೆ ಎಂದು ಕೇಳಿದ್ದನು. ಯೇಸು ಕೇಳುವುದಿಲ್ಲ, ತಿದ್ದುವುದಿಲ್ಲ. ಪ್ರಶ್ನೆ ಹೇಳಿಕೆಯಾಗಿದೆ, ಅದನ್ನು ಅವರು ತಮ್ಮೊಳಗೆ ಹೇಳಿಕೊಳ್ಳದೆ ಪೇತ್ರ, ಯಕೋಬ, ಯೊವಾನ್ನರ ಮುಂದೆ ಬಾಯಿಬಿಟ್ಟು ಹೇಳುತ್ತಾರೆ. ಮೂವರೂ ನಿದ್ರೆಹೋಗುತ್ತಾರೆ. ಸ್ನೇಹಿತರ ಮುಂದೆ ತೋಡಿಕೊಂಡದ್ದು ಅಲ್ಲಿ ಫಲಕೊಡಲಿಲ್ಲ. ಆದರೂ ಆ ಮಾತು ವ್ಯರ್ಥವಾಗದೆ, ನೆಲಕ್ಕೆ ಬಿದ್ದು ತಂದೆಯನ್ನು ಅಬ್ಬಾ ಎಂದು ಕರೆಯುವ ಪ್ರಾರ್ಥನೆಯಾಗಿ ಮುಂದುವರಿಯುತ್ತದೆ. ಹಿಬ್ರಿಯರಿಗೆ ಬರೆದ ಪತ್ರದ 5ನೇ ಅಧ್ಯಾಯ ಅಲ್ಲಿಗೆ ಗಟ್ಟಿಯಾದ ಕೂಗನ್ನೂ ಕಣ್ಣೀರನ್ನೂ ಸೇರಿಸುತ್ತದೆ. ಸ್ನೇಹಭಂಗದಿಂದ ಕುಸಿದ ನೌವೆನ್ ಅವರಿಗೆ ಈ ಪ್ರಸಂಗಕ್ಕಿಂತ ಹತ್ತಿರದ ಪಠ್ಯ ಬೇರೊಂದಿರಲಾರದು. ಅವರು ಸ್ನೇಹಿತರ ಮಿತಿಯನ್ನು ಅರಿಯುವ ಬಗ್ಗೆ ಒಂದು ಬರಹವನ್ನೇ ಬರೆದಿದ್ದಾರೆ. ಅದು ಸಮಂಜಸವಾಗಿದೆ, ವಿವೇಕಯುತವಾಗಿದೆ. ಆದರೆ ಮಲಗಿದ್ದವರನ್ನು ಎಬ್ಬಿಸಿ, ಒಂದು ಗಳಿಗೆಯಾದರೂ ನನ್ನೊಡನೆ ಎಚ್ಚರವಿರಲಾರಿರಾ ಎಂದು ಕೇಳಿದವರ ನೋವು ಅದರಲ್ಲಿ ಇಲ್ಲ.

ಧರ್ಮಸಭೆಯೂ ಈ ವಿಷಯದಲ್ಲಿ ಸಂಪೂರ್ಣ ಧೈರ್ಯ ತೋರಿದೆಯೆನ್ನಲಾಗದು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪರಿಷ್ಕೃತಗೊಂಡ ಯಾಮಪ್ರಾರ್ಥನೆಯಿಂದ 58, 83 ಮತ್ತು 109ನೇ ಕೀರ್ತನೆಗಳನ್ನು ಇಡಿಯಾಗಿ ಕೈಬಿಡಲಾಯಿತು. ಅದರ ಸಾಮಾನ್ಯ ಮಾರ್ಗಸೂಚಿಯ 131ನೇ ಪರಿಚ್ಛೇದ ಕೊಡುವ ಕಾರಣ ಮಾನಸಿಕ ತೊಡಕು. ಶಪಿಸುವ ಕೀರ್ತನೆಗಳನ್ನು ಪ್ರಾರ್ಥಿಸುವುದು ಸುಲಭವಲ್ಲವೆಂಬುದು ನಿಜ. ಆದರೆ ಆ ತೊಡಕು ಇರುವವರಿಗೇ ಆ ಭಾಷೆ ಬೇಕಿತ್ತೇನೋ. ಸಮಾಧಾನಕರ ಸಂಗತಿಯೆಂದರೆ 88ನೇ ಕೀರ್ತನೆ ಉಳಿದಿದೆ. ಪ್ರತಿ ಶುಕ್ರವಾರದ ರಾತ್ರಿ ಪ್ರಾರ್ಥನೆಯಲ್ಲಿ ನಾವು ಅದನ್ನು ಹೇಳುತ್ತೇವೆ. ಅದಕ್ಕೆ ಭರವಸೆಯ ತಿರುವಿಲ್ಲ. ಹೀಬ್ರೂ ಮೂಲದಲ್ಲಿ ಅದರ ಕಟ್ಟಕಡೆಯ ಪದವೇ ಕತ್ತಲೆ. ಆದರೂ ಆ ಕತ್ತಲೆಯನ್ನು ಮೊದಲಿನಿಂದ ಕೊನೆಯವರೆಗೂ ದೇವರಿಗೇ ಹೇಳಲಾಗಿದೆ. ದಣಿದ ಕಣ್ಣುಗಳಿಂದ ಅದನ್ನು ಓದಿ ಮುಗಿಸಿ ದೀಪ ಆರಿಸುವ ನಾವೆಷ್ಟು ಮಂದಿ ಅದನ್ನು ಕೇಳಿಸಿಕೊಂಡಿದ್ದೇವೆಯೋ ತಿಳಿಯದು.

ಇದೇ ಕತ್ತಲೆಯನ್ನು ಬೇರೆ ರೀತಿಯಲ್ಲಿ ಬರೆದವರು ಕಲ್ಕತ್ತೆಯ ಸಂತ ತೆರೇಸಾ. 2007ರಲ್ಲಿ ‘ಕಮ್ ಬಿ ಮೈ ಲೈಟ್’ ಎಂಬ ಹೆಸರಿನಲ್ಲಿ ಹೊರಬಂದ ಅವರ ಪತ್ರಗಳನ್ನು ನೌವೆನ್ ಅವರ ಪುಸ್ತಕದ ಪಕ್ಕದಲ್ಲಿಟ್ಟು ಓದಬೇಕು. ನೌವೆನ್ ತಮ್ಮ ದಿನಚರಿಯ ಪ್ರಕಟಣೆಗೆ ಒಪ್ಪಿದರು. ತೆರೇಸಾ ತಮ್ಮ ಪತ್ರಗಳನ್ನು ನಾಶಮಾಡಿರೆಂದು ಬೇಡಿಕೊಂಡಿದ್ದರು. ಆದರೆ ಸುಡಬೇಕೆಂದ ಆ ಪತ್ರಗಳಲ್ಲೇ ‘ನಾನು’ ಇದೆ, ಯೇಸುವನ್ನು ನೇರವಾಗಿ ಸಂಬೋಧಿಸಿದ ಪುಟಗಳಿವೆ, ವಿಶ್ವಾಸವೇ ಇಲ್ಲವಾಗಿದೆ ಎಂಬ ಬೆತ್ತಲೆ ಮಾತುಗಳಿವೆ. ಅವುಗಳನ್ನು ಅವರು ಆತ್ಮಗುರುಗಳಿಗೆ ಒಪ್ಪಿಸಿದರು. ಅವರಲ್ಲೊಬ್ಬರು ಪುಣೆಯಲ್ಲಿ ದೈವಶಾಸ್ತ್ರ ಬೋಧಿಸುತ್ತಿದ್ದ ಯೇಸುಸಭೆಯ ಜೋಸೆಫ್ ನ್ಯೂನರ್. 1961ರ ಸುಮಾರಿಗೆ ಅವರು ಕೊಟ್ಟ ಉತ್ತರ ನಮಗೆಲ್ಲ ಪಾಠವಾಗಬೇಕು. ಇದು ನಿಮ್ಮ ತಪ್ಪಿನ ಫಲವಲ್ಲ, ದೇವರಿಗಾಗಿ ಇರುವ ಈ ಹಂಬಲವೇ ಅವರ ಸಾನ್ನಿಧ್ಯದ ಗುರುತು, ಈ ಕತ್ತಲೆ ನಿಮ್ಮ ಸೇವೆಯದೇ ಒಂದು ಮುಖ ಎಂಬುದು ಅದರ ಸಾರಾಂಶ. ಕತ್ತಲೆ ಕಳೆಯಲಿಲ್ಲ, ಆದರೆ ಅದರ ಬಗೆಗಿನ ದಿಗಿಲು ಕಳೆಯಿತು. ಆ ಕತ್ತಲೆಯನ್ನು ಪ್ರೀತಿಸತೊಡಗಿದ್ದೇನೆಂದು ಅವರೇ ನ್ಯೂನರ್‌ಗೆ ಬರೆದರು. ನೌವೆನ್ ಅವರಿಗೂ ಮಾರ್ಗದರ್ಶಕರಿದ್ದರು, ಅವರು ಬಹಳ ನೆರವಾದರು. ಆದರೆ ಪುಸ್ತಕದಲ್ಲಿ ಅವರ ಮುಂದೆ ನೌವೆನ್ ಏನು ಹೇಳಿದರೆಂಬುದಿಲ್ಲ. ಅವರಿಂದ ಕೇಳಿ ಹೊರಬಂದ ಮೇಲೆ ತಮಗೆ ತಾವು ಏನು ಆಜ್ಞಾಪಿಸಿಕೊಂಡರೆಂಬುದಷ್ಟೇ ಇದೆ.

ಶೀರ್ಷಿಕೆಯಲ್ಲಿರುವ ಅಂತರ್ಧ್ವನಿಯ ಬಗ್ಗೆಯೂ ಒಂದು ಮಾತು. ಒಳಗಿನ ದನಿಯನ್ನು ನಂಬು ಎಂಬ ಸಲಹೆ ಇಂದು ಎಲ್ಲ ಬಗೆಯ ಶಿಬಿರಗಳಲ್ಲೂ ಸಿಗುತ್ತದೆ. ಆತ್ಮಶೋಧನೆ ಎಂದರೆ ಒಳಗೆ ಇಳಿದಷ್ಟೂ ದೇವರು ಸಿಗುತ್ತಾರೆಂಬ ಸರಳ ನಂಬಿಕೆ ಅದರ ಹಿಂದಿದೆ. ಲೊಯೋಲದ ಸಂತ ಇಗ್ನೇಷಿಯಸರು ಇಷ್ಟು ಸರಳವಾಗಿ ನಂಬಿದವರಲ್ಲ. ಒಳಗೆ ಕೇಳುವ ದನಿಗಳು ಹಲವು, ಅವುಗಳಲ್ಲಿ ಕೆಲವು ಬೆಳಕಿನ ವೇಷ ತೊಟ್ಟು ಬರುತ್ತವೆ ಎಂದರಿತು ವಿವೇಚನೆಯ ನಿಯಮಗಳನ್ನೇ ಬರೆದರು. ನೌವೆನ್ ಅವರನ್ನು ಲಾರ್ಶ್‌ಗೆ ಸ್ವಾಗತಿಸಿದ ಜೀನ್ ವ್ಯಾನಿಯೇರ್ ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಮಹಿಳೆಯರನ್ನು ಶೋಷಿಸಿದ್ದನ್ನು ಆ ಸಂಸ್ಥೆಯೇ 2020ರಲ್ಲಿ ಬಹಿರಂಗಪಡಿಸಿತು. ಆ ಅಪರಾಧಕ್ಕೂ ನೌವೆನ್ ಅವರಿಗೂ ಸಂಬಂಧವಿಲ್ಲ. ಆದರೆ ಆಪ್ತವಾದ, ಮೃದುವಾದ, ಪ್ರೀತಿಯೆಂದು ಹೇಳಿಕೊಳ್ಳುವ ಭಾಷೆ ತಾನಾಗಿಯೇ ದೇವರ ಭಾಷೆಯಾಗದೆಂಬುದಕ್ಕೆ ಇಷ್ಟು ಸಾಕು. ನೌವೆನ್ ಅವರ ಕೆಲವು ಪುಟಗಳಲ್ಲಿ ಒಳದನಿಗೂ ದೇವರ ದನಿಗೂ ನಡುವಿನ ಗೆರೆ ತೀರಾ ತೆಳುವಾಗಿದೆ. ಬಿದ್ದವನು ಎದ್ದು ನಿಲ್ಲಲು ಆ ದನಿ ಸಾಕಾಗಬಹುದು, ಇತರರನ್ನು ನಡೆಸಲು ಸಾಲದು.

ಈ ಎಲ್ಲ ಚರ್ಚೆ ನಮ್ಮ ಗುರುಮಠಗಳಿಗೆ ಏಕೆ ಮುಖ್ಯ? ನಮ್ಮಲ್ಲಿ ಭಯದ ಬಗ್ಗೆ ಮಾತು ಕಡಿಮೆಯಾಗಿಲ್ಲ, ಹೆಚ್ಚಾಗಿದೆ. 1992ರ ‘ಪಾಸ್ತೋರೆಸ್ ದಾಬೊ ವೊಬಿಸ್’ ಮಾನವೀಯ ರೂಪಣೆಯೇ ಯಾಜಕ ರೂಪಣೆಯ ಬುನಾದಿಯೆಂದು ಹೇಳಿದ ಮೇಲೆ, ವರ್ಷಾಂತ್ಯದ ಮೌಲ್ಯಮಾಪನಗಳಲ್ಲಿ ಭಾವನಾತ್ಮಕ ಪಕ್ವತೆಗೆ ಒಂದು ಅಂಕಣ ಬಂದಿದೆ. ಅದು ಬರಬೇಕಿತ್ತು. ಆದರೆ ಅಂಕಣವಿರುವಲ್ಲಿ ಅದನ್ನು ತುಂಬುವ ಜಾಣತನವೂ ಬೆಳೆಯುತ್ತದೆ. ‘ನನ್ನ ಗಾಯಗಳನ್ನು ಗುರುತಿಸಿಕೊಳ್ಳುತ್ತಿದ್ದೇನೆ’, ‘ನನ್ನ ಒಂಟಿತನದೊಂದಿಗೆ ಪಯಣಿಸುತ್ತಿದ್ದೇನೆ’ ಎಂಬ ವಾಕ್ಯಗಳು ನೌವೆನ್ ಅವರಿಂದ ಎರವಲು ಬಂದು ಸುರಕ್ಷಿತ ನುಡಿಗಟ್ಟುಗಳಾಗಿವೆ. ಇವುಗಳಲ್ಲಿ ‘ನಾನು’ ಇದ್ದರೂ ಅದು ವರದಿ ಒಪ್ಪಿಸುವ ನಾನು. ತನ್ನ ಮಾತು ಎಲ್ಲಿಗೆ ತಲುಪುವುದೋ ಎಂಬ ಶಂಕೆಯಿರುವವನು ಬೇರೇನು ಹೇಳಿಯಾನು? ಅದಕ್ಕಾಗಿಯೇ ಧರ್ಮಸಭೆಯ ಕಾನೂನು ಸಂಹಿತೆಯ 240ನೇ ನಿಯಮದ ಎರಡನೆಯ ಭಾಗ, ಅಭ್ಯರ್ಥಿಯನ್ನು ದೀಕ್ಷೆಗೆ ಸೇರಿಸುವ ಅಥವಾ ಹೊರಗೆ ಕಳುಹಿಸುವ ನಿರ್ಧಾರದಲ್ಲಿ ಆತ್ಮಗುರುವಿನ ಅಥವಾ ಪಾಪನಿವೇದನೆ ಕೇಳುವ ಗುರುವಿನ ಅಭಿಪ್ರಾಯವನ್ನು ಎಂದಿಗೂ ಕೇಳಕೂಡದೆಂದು ವಿಧಿಸಿದೆ. ಒಣ ಕಾನೂನಿನಂತೆ ಕಾಣುವ ಈ ನಿಯಮ ವಾಸ್ತವದಲ್ಲಿ ಅಳುವವನಿಗೆ ಕಾದಿರಿಸಿದ ಒಂದು ಕೋಣೆ. ಅದರ ಗೋಡೆ ಎಲ್ಲಿ ಸಡಿಲವಾಗಿದೆಯೋ ಅಲ್ಲಿ ಭಾವಪ್ರಕಟಣೆಯ ಎಷ್ಟು ಕಾರ್ಯಾಗಾರಗಳನ್ನು ನಡೆಸಿದರೂ ನಮಗೆ ಸಿಗುವುದು ನುಡಿಗಟ್ಟುಗಳೇ.

ಯಾಜಕರಾದ ಮೇಲೆ ಇನ್ನೊಂದು ಅಡಗುತಾಣ ಸೇರುತ್ತದೆ, ಅದು ಬೋಧನಪೀಠದ ‘ನೀವು’. ಸಾವಿಗೆ ಹೆದರುವ ಗುರು ಸಾವಿಗೆ ಹೆದರಬೇಡಿ ಎಂದು ಬಲು ಚೆನ್ನಾಗಿ ಬೋಧಿಸಬಲ್ಲ. ಒಂಟಿತನ ಹಿಂಡುವ ಗುರು ದಂಪತಿಗಳ ಸಭೆಯಲ್ಲಿ ಅನ್ಯೋನ್ಯತೆಯ ಬಗ್ಗೆ ಕಣ್ಣೀರು ಬರುವಂತೆ ಮಾತನಾಡಬಲ್ಲ. ಇದು ಕಪಟವಲ್ಲ, ಅವನ ಭಯವು ಕಂಡುಕೊಂಡ ಒಂದೇ ಹೊರದಾರಿ. ಪ್ರತಿ ಬಲಿಪೂಜೆಯ ಆರಂಭದ ಪಾಪಾರಿಕೆಯಲ್ಲಿ ಮಾತ್ರ ಇಡೀ ಸಭೆಯೊಡನೆ ನಿಂತು ಅವನೂ ಏಕವಚನದಲ್ಲಿ, ದೇವರಿಗೂ ಸೋದರ ಸೋದರಿಯರಿಗೂ ಕೇಳುವಂತೆ ‘ನಾನು’ ಎನ್ನಬೇಕಾಗುತ್ತದೆ. ಕೆಲವು ಕಡೆ ಸಮಯದ ಅಭಾವದಿಂದ ಅದನ್ನೂ ಬಿಟ್ಟು ಇನ್ನೊಂದು ವಿಧಾನವನ್ನು ಆರಿಸಿಕೊಳ್ಳಲಾಗುತ್ತದೆ.

ಮತ್ತೆ ಕನ್ನಡದ ಪ್ರಶ್ನೆಗೆ ಬರೋಣ. ನಮ್ಮ ಕಥೋಲಿಕ ಪ್ರಾರ್ಥನೆಗಳು ದೇವರನ್ನು ಗೌರವದ ಬಹುವಚನದಲ್ಲಿ ‘ನೀವು’ ಎನ್ನುತ್ತವೆ. ಪ್ರಾಟೆಸ್ಟೆಂಟ್ ಸಭೆಗಳ ಹಳೆಯ ಭಾಷಾಂತರ ‘ನೀನು’ ಎನ್ನುತ್ತದೆ. ವಚನಕಾರರೂ ಹರಿದಾಸರೂ ತಮ್ಮ ದೈವವನ್ನು ಏಕವಚನದಲ್ಲೇ ಕರೆದರು, ಬೈದರು, ಬೇಡಿದರು. ನಿಂದಾಸ್ತುತಿಯೆಂಬ ಒಂದು ಪ್ರಕಾರವೇ ನಮ್ಮ ನಾಡಿನಲ್ಲಿ ಬೆಳೆಯಿತು. ಆರಾಧನೆಗೆ ‘ನೀವು’ ಸಲ್ಲುತ್ತದೆ. ‘ನೀವು ನನ್ನನ್ನು ಕೈಬಿಟ್ಟಿದ್ದೀರಿ’ ಎಂಬ ವಾಕ್ಯ ಮಾತ್ರ ಕಚೇರಿಗೆ ಸಲ್ಲಿಸಿದ ಅರ್ಜಿಯಂತಿದೆ. ಗೋಳಿನ ಕೀರ್ತನೆಗಳಿಗಾದರೂ ಏಕವಚನದ ಸಲುಗೆಯನ್ನು ಮರಳಿ ಪಡೆಯಬೇಕೇ ಎಂಬುದನ್ನು ನಮ್ಮ ಆರಾಧನಾ ಭಾಷಾಂತರಕಾರರು ಯೋಚಿಸಬೇಕು.

ನೌವೆನ್ ಅವರ ಕೆಲವು ಬರಹಗಳನ್ನು ಹೀಗೆ ತಿರುಗಿಸಿ ನೋಡುವುದು ಉಪಯುಕ್ತ ಅಭ್ಯಾಸ. ಆಜ್ಞೆಯನ್ನು ತೆಗೆದು, ‘ಯೂ’ ಇದ್ದಲ್ಲಿ ‘ನಾನು’ ಇಟ್ಟು, ದೇವರನ್ನು ಎದುರಿಗೆ ಕೂರಿಸಬೇಕು. ಪ್ರಪಾತದ ಬರಹ ಹೀಗಾಗುತ್ತದೆ: ನನ್ನೊಳಗೆ ತಳವಿಲ್ಲದ ಗುಂಡಿಯಿದೆ ಸ್ವಾಮಿ, ಅದರ ಅಂಚಿನಲ್ಲಿ ಕೆಲಸ ಮಾಡು ಎನ್ನುತ್ತಾರೆ, ನನ್ನ ಕಾಲು ನಡುಗುತ್ತಿದೆ, ನೀನಾದರೂ ಕೈ ಹಿಡಿ. ಮೂಲದ ಧೀರತೆ ಕಳೆದುಹೋಯಿತು, ನಿಜ. ಆದರೆ ಕೀರ್ತನೆಯ ಉಸಿರು ಬಂತು. ಬಹುತೇಕ ಬರಹಗಳು ಈ ತಿರುವಿಗೆ ಒಪ್ಪುತ್ತವೆ. ಅವುಗಳ ಅಡಿಯಲ್ಲಿ ಪ್ರಾರ್ಥನೆ ಹರಿಯುತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಒಂದು ಮಾತ್ರ ಒಪ್ಪಲಿಲ್ಲ. ಕೋಟೆಯ ಎತ್ತುಸೇತುವೆಯ ಉಪಮೆಯಿರುವ ಬರಹವದು: ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬ ಹಿಡಿತ ನಿನ್ನ ಕೈಯಲ್ಲಿರಲಿ ಎಂಬುದು ಅದರ ಸಲಹೆ. ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ಬಾಗಿಲು ತೆರೆದಿಟ್ಟು ಬರಿದಾದ ಗುರುಗಳಿಗೆ ಅದು ಬೇಕಾದ ಮಾತೇ. ಆದರೆ ಅದನ್ನು ‘ನಾನು’, ‘ನೀನು’ ಎಂದು ಬದಲಿಸಿದ ಕೂಡಲೇ ಕಂದಕದ ಆಚೆ ನಿಂತು ಕಾಯುವವರ ಸಾಲಿನಲ್ಲಿ ದೇವರೂ ಇರುತ್ತಾರೆ. ಆ ಪುಟಕ್ಕೆ ನಮಗೆ ಇನ್ನೂ ಕನ್ನಡ ಸಿಕ್ಕಿಲ್ಲ.